ಕೆಂಪು ದಾರದ ಚೀಲ

ಸಿಂಪಿ ಬಾಯಿ ತೆರೆದುಕೊಂಡೇ ಇತ್ತು. ಮುಬೀನಾ ಹುಲ್ಲಿನ ಕಡ್ಡಿಯಿಂದ ಅದರ ಅಂಚನ್ನು ಮುಟ್ಟಿದಳು. ನಿನ್ನೆ ಮುಟ್ಟಿದಾಗ ನಿಧಾನವಾಗಿಯಾದರೂ ಮುಚ್ಚಿಕೊಂಡಿತ್ತು. ಇವತ್ತು ಒಳಗಿನ ಮಾಂಸ ಸ್ವಲ್ಪ ಅದುರಿತು, ಅಷ್ಟೇ. ಪಕ್ಕದ್ದನ್ನು ಮುಟ್ಟಿದಳು. ಅದೂ ಹಾಗೇ. ಅವಳು ಬಲೆಯ ಚೀಲವನ್ನು ಮತ್ತೆ ನೀರಿಗೆ ಬಿಟ್ಟು, ಯಾರಾದರೂ ನೋಡಿದರೇನೋ ಎಂಬಂತೆ ಸುತ್ತ ಕಣ್ಣಾಡಿಸಿದಳು.

ಹೊಳೆಯ ಕಪ್ಪೆಚಿಪ್ಪಿಗೆ ಅವರೂರಲ್ಲಿ ಸಿಂಪಿ ಎನ್ನುತ್ತಾರೆ. ಮಕ್ಕಳು ಆಡಲು ಆರಿಸುತ್ತಾರೆ, ಹೆಂಗಸರು ಅದರ ಅಂಚಿನಿಂದ ಮಾವಿನಕಾಯಿ ಹೆರೆಯುತ್ತಾರೆ. ಅದರಿಂದ ಬೇರೆ ಏನಾದರೂ ತಿಳಿಯಬಹುದು ಎಂದು ಮೇಘಾ ಬರುವ ತನಕ ಯಾರಿಗೂ ಹೊಳೆದಿರಲಿಲ್ಲ. ಮೇಘಾ ಧಾರವಾಡದಲ್ಲಿ ಸಂಶೋಧನೆ ಮಾಡುವ ಹುಡುಗಿ. ಮುಬೀನಾಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ದೀಪಾವಳಿ ಮುಗಿದ ಮೇಲೆ ಒಂದು ದಿನ ಬಕೆಟ್ಟಿನ ತುಂಬ ಸಿಂಪಿ ತಂದಳು. ಎಲ್ಲವೂ ಒಂದೇ ಕೆರೆಯವು, ಒಂದೇ ಅಳತೆಯವು. ಅವನ್ನು ಎರಡು ಚೀಲಗಳಿಗೆ ಹಂಚಿ ಮಲಪ್ರಭೆಯಲ್ಲಿ ಎರಡು ಕಡೆ ಇಳಿಬಿಟ್ಟಳು. ಹಸಿರು ದಾರದ ಚೀಲ ಮೇಲಿನ ಮಡುವಿನಲ್ಲಿ, ರೇಣವ್ವನ ಕಾಯಿಪಲ್ಲೆ ಹೊಲದ ಪಕ್ಕ. ಕೆಂಪು ದಾರದ್ದು ಕೆಳಗಿನ ದಂಡೆಯಲ್ಲಿ. ಊರವರು ಹೊಲಕ್ಕೆ ಎಣ್ಣೆ ಹೊಡೆಯುವ ಪಂಪಿಗೆ ನೀರು ತುಂಬುವುದೂ, ಹೊಡೆದಾದ ಮೇಲೆ ಪಂಪು ತೊಳೆಯುವುದೂ ಅಲ್ಲೇ. ಹುಳಕ್ಕೆ ಹೊಡೆಯುವ ವಿಷಕ್ಕೆ ಆ ಸೀಮೆಯಲ್ಲಿ ಎಲ್ಲರೂ ಎಣ್ಣೆ ಎಂದೇ ಅನ್ನುತ್ತಾರೆ.

ಚೀಲಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ದಿನಾ ಹೋಗಿ ಬಲೆಗೆ ಮೆತ್ತಿದ ರಾಡಿ ತೊಳೆಯಬೇಕು, ನೀರು ಇಳಿದರೆ ಚೀಲ ಆಳಕ್ಕೆ ಸರಿಸಬೇಕು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರೆಲ್ಲ ಮೇಘಾಳನ್ನು ಸುತ್ತುವರಿದು ಮಾತಾಡಿಸುತ್ತಿದ್ದಾಗ ಮುಬೀನಾ ಒಬ್ಬಳೇ ದೂರ ಕೂತು ಚೀಲದ ಗಂಟನ್ನು ನೋಡುತ್ತಿದ್ದಳು. ಅದಕ್ಕೇ ಮೇಘಾ ಅವಳನ್ನು ಆರಿಸಿದಳು.

“ನಿಂದು ಶಾಲಿ ಎಲ್ಲೀತನಾ ಆಗೇದ?”

“ಎಂಟನೇ ಇಯತ್ತೆ ಅರ್ಧರಿ, ಅಕ್ಕಾರ. ಅಮ್ಮಿ ತೀರಿಕೊಂಡ್ಲರಿ.” ಮುಬೀನಾ ಇಷ್ಟನ್ನೂ ನೆಲ ನೋಡುತ್ತಲೇ ಹೇಳಿದ್ದಳು.

ಮೇಘಾ ಯಾರಿಗೂ ಕೆಲಸ ಸುಮ್ಮನೆ ಹೇಳುವವಳಲ್ಲ. ಯಾಕೆ ಎಂದೂ ಹೇಳುತ್ತಿದ್ದಳು. ಜಾಲಿಗಿಡದ ನೆರಳಲ್ಲಿ ಕೂತು, “ನೋಡು, ತಲಿ ನಿನ್ನ ಕೈಗೆ ‘ಎತ್ತು’ ಅಂತ ಬರೀತದ ಅನ್ಕೋ. ಕೈ ಎತ್ತಿದ ಮ್ಯಾಲೆ ಬರದದ್ದನ್ನ ಅಳಸಬೇಕಲ್ಲ? ಅಳಸೂದಕ್ಕಂತ ಮೈಯಾಗ ಒಂದು ಕಿಣ್ವ ಅದ. ಕೊಲಿನೆಸ್ಟರೇಸ್ ಅಂತ ಅದರ ಹೆಸರು. ಎಣ್ಣಿ ಮೈಯಾಗ ಹೋದ್ರ ಆ ಕಿಣ್ವದ ಕೈ ಕಟ್ಟಿ ಹಾಕ್ತದ. ಆಮ್ಯಾಲೆ ಬರದದ್ದರ ಮ್ಯಾಲೆ ಬರಕೋತ ಹೋಗೂದು. ಕೈ ನಡಗ್ತದ, ಜೊಲ್ಲು ಸುರೀತದ,” ಎಂದಳು.

ಏಳನೇ ಇಯತ್ತೆಯಲ್ಲಿ ಬೋರ್ಡು ಒರೆಸುವ ಕೆಲಸ ಮುಬೀನಾಳದಾಗಿತ್ತು. ಶಾಲೆಯಲ್ಲಿ ಅವಳು ಬಾಯಿ ಬಿಡದೆ ಮಾಡಬಹುದಾಗಿದ್ದ ಒಂದೇ ಕೆಲಸ ಅದು. “ಡಸ್ಟರ್ ಕಳದಂಗ,” ಎಂದಳು ಮೆಲ್ಲಗೆ.

“ಹೌದ ನೋಡ! ಡಸ್ಟರ್ ಕಳದಂಗ!” ಮೇಘಾ ನಕ್ಕಳು. “ಸಿಂಪಿ ಮುಂಜಾನಿಂದ ಸಂಜೀತನಾ ನೀರು ಎಳಕೊಂಡು ಸೋಸಿ ಬಿಡ್ತದ. ನೀರಾಗ ಏನದನೋ ಅದು ಅದರ ಮೈಯಾಗ ಇರ್ತದ. ಅದರೊಳಗ ಎಷ್ಟು ಡಸ್ಟರ್ ಉಳದಾವ ಅಂತ ನಾವು ಅಳೀತೀವಿ. ಮ್ಯಾಲಿನ ಮಡುವಿನ್ಯಾಗ ಎಷ್ಟು, ಕೆಳಗ ಎಷ್ಟು. ರೇಣವ್ವ ಎಣ್ಣಿ ಹೊಡ್ಯಂಗಿಲ್ಲಲ್ಲ, ಅದಕ್ಕ ಆ ಜಾಗ ಹಿಡದೀನಿ.”

ಮುಬೀನಾ ಕೆಲಸ ಚೆನ್ನಾಗಿಯೇ ಮಾಡಿದಳು. ಕಡಲೆಗೆ ಹುಳ ಬೀಳುವ ತನಕ.

ಹುಳ ಬಿದ್ದ ಮೇಲೆ ಅವಳ ಅಣ್ಣ ಇನಾಯತನಿಗೆ ಬಿಡುವೇ ಇರಲಿಲ್ಲ. ಬೆನ್ನಿಗೆ ಪೆಟ್ರೋಲ್ ಪಂಪು ಕಟ್ಟಿಕೊಂಡು ಊರ ಅರ್ಧ ಹೊಲಗಳಿಗೆ ಅವನೇ ಎಣ್ಣೆ ಹೊಡೆಯುತ್ತಿದ್ದ. ಆ ಪಂಪು ಮನೆಗೆ ಬಂದ ಮೇಲೆ ಅಬ್ಬಾ ಜಂಗ್ಲಿಸಾಬ ಕೂಲಿಗೆಂದು ಅಬ್ಬಿಗೇರಿ, ಕೊಣ್ಣೂರು ಎಂದು ಅಲೆಯುವುದು ನಿಂತಿತ್ತು. ಸಂಜೆ ಇನಾಯತ ಕೆಳಗಿನ ದಂಡೆಗೆ ಬಂದು ಡಬ್ಬಿಯಲ್ಲಿ ಉಳಿದದ್ದನ್ನು ಚೆಲ್ಲಿ, ಎರಡು ಸಲ ಕುಲುಕಿ ತೊಳೆಯುತ್ತಿದ್ದ. ನೀರು ಹಾಲಿನಂತೆ ಬೆಳ್ಳಗಾಗಿ, ಕೆಂಪು ದಾರದ ಚೀಲವನ್ನು ಬಳಸಿಕೊಂಡು ಹರಿದುಹೋಗುತ್ತಿತ್ತು. ಬೇರೆಯವರೂ ತೊಳೆಯುತ್ತಿದ್ದರು. ಆದರೆ ಎಲ್ಲರಿಗಿಂತ ಹೆಚ್ಚು ಇನಾಯತನೇ.

“ನಿನ್ನ ಬೀಗರು ಹ್ಯಾಂಗದಾರ?” ಎಂದು ಮನೆಯಲ್ಲಿ ಅವನು ಕಾಡುತ್ತಿದ್ದ. “ಚಾ ಕುಡದ್ರೋ, ಹಂಗ ಮಕ್ಕೊಂಡ್ರೋ?”

“ಸುಮ್ಮ ಕುಂದ್ರ ಭಾಯ್.”

“ಅಲ್ಲ, ಹುಡುಗಿ ನಮ್ಮ ಜೋಡಿ ಮಾತಾಡಂಗಿಲ್ಲ, ಸಿಂಪಿ ಜೋಡಿ ತಾಸಗಟ್ಲೆ ಕುಂದರ್ತಾಳ. ಅಬ್ಬಾ, ಈಕಿಗೆ ಹೊಳ್ಯಾಗ ಒಂದು ವರಾ ನೋಡ್ರಿ.”

ನಗುತ್ತ ಅವನು ಎತ್ತಿದ ಚಹಾದ ಬಟ್ಟಲು ಬಸಿಯ ಮೇಲೆ ಟಕಟಕ ಸದ್ದು ಮಾಡಿತು. ಚಹಾ ಮೊಣಕೈ ತನಕ ಇಳಿಯಿತು. ಅವನು ಅದನ್ನು ಅಂಗಿಗೆ ಒರೆಸಿಕೊಂಡ. ಮುಬೀನಾ ನೋಡಿದಳು. ಅವನು ಇತ್ತೀಚೆಗೆ ಉಗುಳುವುದೂ ಜಾಸ್ತಿ ಎಂದು ಆಮೇಲೆ ನೆನಪಾಯಿತು.

ಅಬ್ಬಾ ಮಾತ್ರ ನಗಲಿಲ್ಲ. “ಆ ಸಿಂಪಿ ಅಕ್ಕಾರು ಪಂಚಾಯ್ತಿ ಕಟ್ಟಿ ಮುಂದ ಎಲ್ಲಾರಿಗೂ ಹೇಳ್ತಾರಂತ, ನೀರು ಎಲ್ಲೆ ಕೆಟ್ಟೈತಿ ಅಂತ. ಮೆಂಬರ ಮಾಳಪ್ಪಗೌಡ್ರು ಹೇಳಾಕತ್ತಿದ್ರು.”

“ಹೇಳ್ಲಿ ಬಿಡ್ರಿ. ಊರ ಮಂದಿ ಎಲ್ಲಾ ತೊಳೀತೈತಿ.”

“ತೊಳಿಯೋದು ಎಲ್ಲಾರು. ಹೆಸರು ಯಾರದು ಬರತೈತಿ?” ಎಂದ ಅಬ್ಬಾ. ರೊಟ್ಟಿ ಬಡಿಯುತ್ತಿದ್ದ ಮುಬೀನಾಳ ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಮೇಘಾ ಸಿಂಪಿ ಒಯ್ಯಲು ಬಂದ ದಿನ, ಹಿಂದಿನ ಸಂಜೆ ಅಕಾಲದಲ್ಲಿ ಮಳೆ ಹೊಡೆದಿತ್ತು. ಎರೆಮಣ್ಣು ಹಸಿಯಾದರೆ ಅಲ್ಲಿ ಎತ್ತೂ ಹೆಜ್ಜೆ ಇಡುವುದಿಲ್ಲ. ಅವಳ ಗಾಡಿ ಡಾಂಬರು ರಸ್ತೆಯಲ್ಲೇ ನಿಂತಿತು. ಅವಳು ಇಳಿದು ನಾಲ್ಕು ಹೆಜ್ಜೆ ನಡೆದು, ಒಂದೊಂದು ಚಪ್ಪಲಿಗೂ ಒಂದೊಂದು ರೊಟ್ಟಿಯಷ್ಟು ಮಣ್ಣು ಹತ್ತಿಸಿಕೊಂಡು ಹಿಂದಿರುಗಿ, ಫೋನು ಮಾಡಿದಳು. “ಮುಬೀನಾ, ಎರಡೂ ಚೀಲ ನೀನ ತಗೊಂಬಾ. ಐಸ್ ಕರಗಾಕತ್ತದ. ಲಗೂ.”

ಮುಬೀನಾ ಬರಿಗಾಲಲ್ಲಿ ಹೋದಳು. ಮೊದಲು ಕೆಳಗಿನದನ್ನು ಎತ್ತಿದಳು, ಆಮೇಲೆ ಮೇಲಿನದನ್ನು. ಜಾಲಿಗಿಡದ ಕೆಳಗೆ ಎರಡನ್ನೂ ಇಟ್ಟಳು. ಹಸಿರು ದಾರದ ಚೀಲದಲ್ಲಿ ಕಡ್ಡಿ ಮುಟ್ಟಿಸಿದ ಕೂಡಲೇ ಸಿಂಪಿಗಳು ಪಟ್ಟನೆ ಮುಚ್ಚಿಕೊಂಡವು. ಕೆಂಪು ದಾರದವು ಸುಮ್ಮನೆ ತೆರೆದುಕೊಂಡಿದ್ದವು.

ಎರಡು ಗಂಟು ಬಿಚ್ಚಬೇಕಿತ್ತು, ಎರಡು ಕಟ್ಟಬೇಕಿತ್ತು. ಅವಳು ಬೇರೆ ಏನನ್ನೂ ಮುಟ್ಟಲಿಲ್ಲ. ಕೆಂಪು ದಾರ ಮೇಲಿನ ಚೀಲಕ್ಕೆ ಬಂತು, ಹಸಿರು ಕೆಳಗಿನದಕ್ಕೆ. ಇದರಿಂದ ಅಣ್ಣನ ಹೆಸರು ಬರುವುದಿಲ್ಲ ಎಂಬಷ್ಟೇ ಅವಳ ತಲೆಯಲ್ಲಿತ್ತು. ಹಾಗಾದರೆ ಇನ್ನೊಂದು ಕಡೆ ಯಾರ ಹೆಸರು ಬರುತ್ತದೆ ಎಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ನಡೆಯುತ್ತಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಆದರೆ ಅದು ಖರೆಯೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮೇಘಾ ಚೀಲಗಳನ್ನು ಐಸಿನ ಡಬ್ಬಿಗೆ ಇಳಿಸಿ, ದಾರ ನೋಡಿ ಗುರುತು ಹಾಕಿಕೊಂಡಳು. ಕೆಸರು ಮೆತ್ತಿದ ಮುಬೀನಾಳ ಕಾಲು ನೋಡಿ, “ನೀ ಇರ್ಲಿಲ್ಲಂದ್ರ ನನ್ನ ಕೆಲಸ ಆಗ್ತಿರ್ಲಿಲ್ಲ ನೋಡು,” ಎಂದಳು. ಮುಬೀನಾ ಕಾಲು ಸೀರೆಯೊಳಗೆ ಎಳೆದುಕೊಂಡಳು.

ಸಂಕ್ರಮಣ ಕಳೆದ ಮೇಲೆ ಮೇಘಾ ಮತ್ತೆ ಬಂದಳು. ಪಂಚಾಯ್ತಿ ಮುಂದಿನ ಕಟ್ಟೆಯ ಮೇಲೆ ಹತ್ತಿಪ್ಪತ್ತು ಜನ ಸೇರಿದ್ದರು. ಮುಬೀನಾ ಹೆಂಗಸರ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು. ಕಾಯಿಪಲ್ಲೆ ಮಾರಿ ಬಂದ ರೇಣವ್ವ ಬರಿದಾದ ಬುಟ್ಟಿಯನ್ನು ಬೋರಲು ಹಾಕಿಕೊಂಡು ಅದರ ಮೇಲೆಯೇ ಕೂತಿದ್ದಳು.

“ನಾ ಅಂದುಕೊಂಡಂಗ ಬಂದಿಲ್ಲರಿ,” ಎಂದಳು ಮೇಘಾ. “ಕೆಳಗಿನ ದಂಡಿ ಸಿಂಪಿ ಚಲೋ ಅದಾವ. ಮ್ಯಾಲಿನ ಮಡುವಿನವು ಕೆಟ್ಟಾವ. ಆ ಕಿಣ್ವ ಭಾಳ ಇಳದದ. ನೀರು ಇನ್ನೂ ಮ್ಯಾಲಿಂದನೂ ಬರತದಲ್ಲ, ಎಲ್ಲಿಂದ ಬಂತು ಅಂತ ಈಗ ಹೇಳಾಕ ಆಗೂದಿಲ್ಲ. ಮತ್ತೊಮ್ಮೆ ನೋಡಬೇಕು.”

ಅವಳು ಹೇಳಿದ್ದು ಇಷ್ಟು. ಜನ ಕೇಳಿದ್ದು ಅದರಲ್ಲಿ ಮೊದಲಿನ ಅರ್ಧ.

“ಮ್ಯಾಲಿನ ಮಡು ಅಂದ್ರ ರೇಣವ್ವನ ಹೊಲಾನ ಅಲ್ಲೇನ್ರಿ?” ಎಂದ ಒಬ್ಬ.

ಮಾಳಪ್ಪ ಮೀಸೆಯಲ್ಲೇ ನಕ್ಕ. ಅವನು ಊರಿನ ಹಿರಿಯ, ಪಂಚಾಯ್ತಿಯ ಮೆಂಬರು. “ಯವ್ವಾ ರೇಣವ್ವಾ, ರೋಣದ ಸಂತ್ಯಾಗ ಕುಂತು ‘ನನ್ನ ಪಲ್ಲೇಕ ಎಣ್ಣಿ ಮುಟ್ಟಿಲ್ಲ, ನನ್ನ ಪಲ್ಲೇಕ ಎಣ್ಣಿ ಮುಟ್ಟಿಲ್ಲ’ ಅಂತ ಒದರತಿದ್ದೆಲ್ಲ. ಎಣ್ಣಿ ಎಲ್ಲೆ ಮುಚ್ಚಿ ಇಟ್ಟಿದ್ದಿ? ಉಡ್ಯಾಗೇನು?”

ಎಲ್ಲರೂ ನಕ್ಕರು. ರೇಣವ್ವನ ಕೈ ಉಡಿಯ ಹತ್ತಿರ ಹೋಗಿ ಅಲ್ಲೇ ಉಳಿಯಿತು. “ಎಪ್ಪಾ, ನಾ ಹೊಡದಿಲ್ಲೋ. ನನ್ನ ಮನ್ಯಾಗ ಪಂಪ ಇಲ್ಲ, ನಿನಗ ಗೊತ್ತಿಲ್ಲೇನು?”

“ನಾ ಅನ್ನಾಕತ್ತಿಲ್ಲ. ಸಿಂಪಿ ಅನ್ನಾಕತ್ತಾವ.”

ಮೇಘಾ ಏನೋ ಹೇಳಲು ಹೋದಳು. ನಗೆಯಲ್ಲಿ ಕೇಳಿಸಲಿಲ್ಲ. ಮುಬೀನಾಳ ಬೆನ್ನಿಗೆ ಗೋಡೆ ತಣ್ಣಗೆ ಹತ್ತಿತು. ಒಂದು ಮಾತು ಸಾಕಿತ್ತು. ಆದರೆ ಎದುರಿಗೆ ಇಷ್ಟು ಜನ, ಆಚೆ ಪಂಪಿನ ಪಟ್ಟಿ ಹೆಗಲಿಗೆ ಹಾಕಿಕೊಂಡು ನಿಂತ ಇನಾಯತ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

ಮುಬೀನಾ ಹುಟ್ಟಿದಾಗ ಅಮ್ಮಿಗೆ ಹಾಲು ಬಂದಿರಲಿಲ್ಲ. ರೇಣವ್ವ ತನ್ನ ಆಡಿನ ಹಾಲು ಕಾಸಿ ತಂದು, ಸಿಂಪಿಯಲ್ಲಿ ಹಿಡಿದು ಹನಿ ಹನಿಯಾಗಿ ಕುಡಿಸಿದ್ದಳಂತೆ. ಆ ಸಿಂಪಿ ಈಗಲೂ ರೇಣವ್ವನ ಮನೆಯ ಗೂಡಿನಲ್ಲಿ, ಅರಿಶಿನದ ಬಟ್ಟಲಿನ ಪಕ್ಕ ಇದೆ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ಇದು. ಮುಬೀನಾ ಅವಳಿಗೆ ಆಯಿ ಎನ್ನುತ್ತಾಳೆ.

ಮಾತು ಸಂತೆಗೂ ಹೋಯಿತು. ರೇಣವ್ವನ ಮೆಂತೆ, ರಾಜಗಿರಿ, ಹುಳಿಚಿಕ್ಕಿ ಸೊಪ್ಪು ಕೊಳ್ಳುವವರು ತೂಕ ನೋಡಿ ಕೊಳ್ಳುತ್ತಿರಲಿಲ್ಲ. ಅವಳ ಮಾತು ನೋಡಿ ಕೊಳ್ಳುತ್ತಿದ್ದರು. ಈಗ ಅದೇ ಮಾತನ್ನು ಆಡಿಕೊಂಡು ಮುಂದೆ ಹೋಗುತ್ತಿದ್ದರು. ಸಂಜೆ ಅವಳು ತುಂಬಿದ ಬುಟ್ಟಿಯನ್ನೇ ಹೊತ್ತು ಬಸ್ಸಿನಿಂದ ಇಳಿಯುವುದನ್ನು ಮುಬೀನಾ ಕಿಡಕಿಯಿಂದ ನೋಡುತ್ತಿದ್ದಳು. ಬಾಡಿದ ಸೊಪ್ಪನ್ನು ಎಮ್ಮೆಗೂ ಹಾಕದೆ ತಿಪ್ಪೆಗೆ ಸುರಿಯುವುದನ್ನೂ ನೋಡಿದಳು. ಎಮ್ಮೆಗೆ ಯಾಕೆ ಹಾಕುವುದಿಲ್ಲ ಎಂದು ಅವಳಿಗೆ ಅರ್ಥವಾಗಲಿಲ್ಲ.

ಅದು ಗೊತ್ತಾದದ್ದು ಒಂದು ಮುಂಜಾನೆ. ಮುಬೀನಾ ಬಟ್ಟೆಯ ಗಂಟು ಹೊತ್ತು ಮೇಲಿನ ಮಡುವಿನ ದಾರಿಯಲ್ಲಿ ಹೋಗುತ್ತಿದ್ದಳು. ಕೆಳಗಿನ ದಂಡೆಗೆ ಹೋಗುವುದನ್ನು ಅವಳು ಬಿಟ್ಟಿದ್ದಳು. ರೇಣವ್ವ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಂತೆ ಕೀಳುತ್ತಿದ್ದಳು. ಸಿವುಡು ಕಟ್ಟುತ್ತಿರಲಿಲ್ಲ. ಬೇರುಸಹಿತ ಕಿತ್ತು ಬದುವಿನ ಆಚೆ ಎಸೆಯುತ್ತಿದ್ದಳು. ಹೂವು ಬರದ, ಎಳೆಯ, ಹಸಿರು ಮೆಂತೆ. ಅರ್ಧ ಮಡಿ ಆಗಲೇ ಬರಿದಾಗಿತ್ತು.

“ಆಯಿ, ಏನ್ ಮಾಡಾಕತ್ತೀದಿ?”

“ಬಂದ್ಯಾ? ದೂರ ನಿಂದ್ರ. ಮುಟ್ಟಬ್ಯಾಡ.”

“ಯಾಕ ಕೀಳಾಕತ್ತಿ?”

ರೇಣವ್ವ ಕೈಯ ಮಣ್ಣು ಝಾಡಿಸಿದಳು. “ಬಿತ್ತಿಗಿ ಆದಮ್ಯಾಲೆ ಎಮ್ಮಿ ಕರಾ ಸತ್ತಿತಲ್ಲ, ನಂದು. ಚಂದ ಇತ್ತು. ಎರಡು ದಿನ ಕಾಲು ಝಾಡಿಸಿ ಹೋತು. ನಾ ದೃಷ್ಟಿ ತಾಕೈತಿ ಅಂದ್ಕೊಂಡಿದ್ದೆ. ಈಗ ಗೊತ್ತಾತು ಯವ್ವಾ. ನಾನ ಕೊಂದೀನಿ.”

“ನೀ ಹ್ಯಾಂಗ ಕೊಲ್ತೀ ಆಯಿ?”

“ಕಡ್ಲಿ ಬಿತ್ತುಮುಂದ ಅಂಗಡಿ ಬೀಜ ತಂದಿದ್ದೆ. ಬೀಜಕ್ಕ ಕೆಂಪನ್ನ ಔಷಧ ಹಚ್ಚಿರ್ತಾರ ನೋಡು. ಕೈಯೆಲ್ಲಾ ಕೆಂಪಾಗಿತ್ತು. ಮಡುವಿನ್ಯಾಗ ತೊಳಕೊಂಡೆ. ಚೀಲನೂ ಅಲ್ಲೇ ಝಾಡಿಸಿದೆ. ಎಣ್ಣಿ ಹೊಡದಿಲ್ಲ ಅಂತ ಮಂದೀಗೆ ಹೇಳಿಕೋತ ತಿರಗಿದೆ, ಆ ಕೈ ನೆನಪಾಗ್ಲಿಲ್ಲ. ಆ ನೀರು ಕರಾ ಕುಡೀತು. ಆ ನೀರ ಪಲ್ಲೇಕ ಬಿಟ್ಟೆ. ಎಷ್ಟು ಮಂದಿ ಕೂಸು ತಿಂದಾವೋ ಏನೋ.” ರೇಣವ್ವ ಇನ್ನೊಂದು ಹಿಡಿ ಕಿತ್ತಳು. “ಸಿಂಪಿ ಸುಳ್ಳ ಹೇಳತಾವೇನು? ಅವಕ್ಕೇನು ನನ್ನ ಮ್ಯಾಲೆ ಸಿಟ್ಟು?”

ಮುಬೀನಾಳ ತಲೆಯ ಮೇಲಿನ ಗಂಟು ಜಾರಿ ಬಿತ್ತು. ಅವಳು ಅದನ್ನು ಎತ್ತಲಿಲ್ಲ. ರೇಣವ್ವ ಬೈದಿದ್ದರೆ, ಅತ್ತಿದ್ದರೆ, ಊರನ್ನು ಶಪಿಸಿದ್ದರೆ ಅವಳು ಇನ್ನೂ ಸ್ವಲ್ಪ ದಿನ ಸುಮ್ಮನಿರುತ್ತಿದ್ದಳೇನೋ. ಆದರೆ ತನ್ನ ತಪ್ಪನ್ನು ಇನ್ನೊಬ್ಬಳು ತಾನಾಗಿ ಎತ್ತಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದುದನ್ನು ನೋಡಿ ನಿಲ್ಲಲಾಗಲಿಲ್ಲ. ಅವಳು ಮಡಿಯೊಳಗೆ ಬಂದು ರೇಣವ್ವನ ಮಣಿಕಟ್ಟು ಹಿಡಿದಳು.

“ಕೀಳಬ್ಯಾಡ ಆಯಿ. ದಾರಾ ನಾ ಬದಲ ಮಾಡೀನಿ.”

“ಯಾವ ದಾರಾ?”

ಅವಳು ಹೇಳಿದಳು. ಮಳೆ ಬಂದ ದಿನ, ಜಾಲಿಗಿಡ, ಎರಡು ಗಂಟು. ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಹೇಳಿ ಮುಗಿದ ಮೇಲೆ ಹೊಳೆಯ ಆಚೆ ಯಾವುದೋ ಮೋಟಾರು ಚಾಲೂ ಆದ ಸದ್ದು ಕೇಳಿಸಿತು.

“ನನ್ನ ಬಾಜೂಕಿನವು ಚಲೋ ಇದ್ವು?” ಎಂದು ಕೇಳಿದಳು ರೇಣವ್ವ.

“ಮುಟ್ಟಿದ್ರ ಪಟ್ನ ಮುಚ್ಚತಿದ್ವು.”

“ಕೆಳಗಿನವು?”

“ಮುಚ್ಚತಿದ್ದಿಲ್ಲ.”

ರೇಣವ್ವ ಬದುವಿನ ಆಚೆ ಬಿದ್ದ ಮೆಂತೆಯನ್ನು ನೋಡಿದಳು. “ಕರಾ ಹಂಗಾರ ಸುಮ್ಮ ಸತ್ತಿತು,” ಎಂದಳು. ಆಮೇಲೆ ಮುಬೀನಾಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. “ನಿನ್ನೆ ಬಂದು ಹೇಳಿದ್ರ ಈ ಅರ್ಧ ಮಡಿ ಉಳೀತಿತ್ತು.”

“ತಪ್ಪಾತು ಆಯಿ.”

“ನನಗ ಹೇಳಿದಿ, ನಾ ಕೇಳಿದೆ. ನನಗ ಗೊತ್ತಾದ್ರ ಸಂತ್ಯಾಗ ಮೆಂತೆ ಹೋಗತಾವೇನು? ಹೋಗು, ಹೇಳೋರಿಗೆ ಹೇಳು.”

ಅವಳು ಮುಬೀನಾಳ ಕಡೆ ನೋಡಲಿಲ್ಲ. ಕಿತ್ತ ಗಿಡಗಳಲ್ಲಿ ಬೇರಿಗೆ ಮಣ್ಣು ಉಳಿದಿದ್ದವನ್ನು ಆರಿಸಿ ಮತ್ತೆ ನೆಲಕ್ಕೆ ಊರತೊಡಗಿದಳು. ಅವು ಬದುಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಬೀನಾ ಹೊಳೆಯ ದಂಡೆಯಿಂದಲೇ ಮೇಘಾಳಿಗೆ ಫೋನು ಮಾಡಿದಳು. ಆಯಿಗೆ ಹೇಳಿದ್ದನ್ನೇ ಮತ್ತೆ ಹೇಳಿದಳು.

“ಅಕ್ಕಾರ, ಅದೀರೇನ್ರಿ?”

“ಅದೀನಿ. ಒಂದು ಹಂಗಾಮಿನ ಕೆಲಸ ಹೋತು ಮುಬೀನಾ.”

“ದಾರಾ ಅದಲಿ ಬದಲಿ ಆಗೈತಿ ಅಂತ ತಿರುವಿ ಬರಕೊಳ್ಳಾಕ ಬರಂಗಿಲ್ಲೇನ್ರಿ?”

“ಹ್ಯಾಂಗ ಬರಕೊಳ್ಳಿ? ಆಗ ನೀ ಕೊಟ್ಟದ್ದನ್ನ ನಂಬಿದೆ. ಈಗ ನೀ ಹೇಳಿದ್ದನ್ನ ನಂಬಬೇಕಂದ್ರ ಯಾವುದರ ಮ್ಯಾಲೆ ನಂಬಲಿ?” ಅವಳ ದನಿ ಏರಲಿಲ್ಲ, ಅದೇ ಕೆಡುಕೆನಿಸಿತು. “ಸಿಟ್ಟು ಬಂದದ ನಂಗ. ಬರ್ತೀನಿ. ಊರಾಗ ಹೇಳ್ತೀನಿ, ಆ ಲೆಕ್ಕಾ ಹಿಡೀಬ್ಯಾಡ್ರಿ ಅಂತ. ಹೊಸಾ ಸಿಂಪಿ ಇಡ್ತೀನಿ. ನೀ ಮಾತ್ರ ಇನ್ನ ಚೀಲಾ ಮುಟ್ಟಬ್ಯಾಡ.”

ಅವಳು ಬಂದಳು, ಹೇಳಿದಳು. ಮತ್ತೆ ಅದೇ ಕಟ್ಟೆ. ಈ ಸಲ ಮುಬೀನಾ ಗೋಡೆ ಬಿಟ್ಟು ಮುಂದೆ ಬಂದು ನಿಂತಳು.

“ದಾರಾ ನಾ ಬದಲ ಮಾಡಿದ್ನಿರಿ.”

“ಜೋರಾಗಿ ಹೇಳವ್ವಾ, ಕಟ್ಟಿ ಹತ್ಯಾಳ, ಬಾಯಿ ಕೆಳಗ ಬಿಟ್ಟು ಬಂದಾಳ,” ಎಂದರು ಯಾರೋ.

“ದಾರಾ ನಾನ ಬದಲ ಮಾಡಿದ್ನಿ! ಕೆಟ್ಟದ್ದು ಕೆಳಗಿನ ದಂಡೀದು. ರೇಣವ್ವಾಯಿದಲ್ಲ.”

ಮಾಳಪ್ಪ ತಲೆಯ ರುಮಾಲು ಸರಿಮಾಡಿಕೊಂಡ. “ಬಂಗಾರದಂಥಾ ಹುಡುಗಿ,” ಎಂದ. “ಕೂಸಿದ್ದಾಗ ರೇಣವ್ವ ಸಿಂಪ್ಯಾಗ ಹಾಲು ಹಾಕಿದ್ಲು ನೋಡ್ರಿ. ಈಗ ಸಿಂಪಿ ಮುಂದ ಮಾಡಿ ಋಣಾ ತೀರಸಾಕ ಬಂದಾಳ.”

“ಅಲ್ರಿ, ಖರೇನರಿ...”

“ಖರೇ ಅಲ್ಲ ಅಂತ ಯಾರಂತಾರ? ಮುದುಕಿ ಸಲುವಾಗಿ ಯಾರರ ಅಣ್ಣನ ಹೆಸರು ತಾವಾಗಿ ಕೆಡಿಸಿಕೊಳ್ತಾರೇನ್ರಿ? ಕರುಳು ಐತಿ ಹುಡುಗೀಗೆ. ಹೋಗವ್ವಾ, ಮನೀಗೆ ಹೋಗು.”

ಅವನು ದಯೆಯಿಂದಲೇ ಹೇಳಿದ್ದ. ಜನ ದಯೆಯಿಂದಲೇ ತಲೆಯಾಡಿಸಿದರು. ಅಷ್ಟು ಜನರ ನಡುವೆ ಅವಳ ಮಾತನ್ನು ನಂಬಿದವನು ಒಬ್ಬನೇ. ಪಂಪಿನ ಪಟ್ಟಿ ಹಿಡಿದು ನಿಂತಿದ್ದ ಇನಾಯತ.

ಮನೆಯಲ್ಲಿ ಅವನು ಪಂಪನ್ನು ಅಂಗಳದಲ್ಲಿ ಒಗೆದ. “ನಾ ನಿನ್ನ ಕೇಳಿದ್ನೇನ? ನನ್ನ ಹೆಸರು ಉಳಸು ಅಂತ ನಾ ಕೇಳಿದ್ನೇನ?”

“ಇಲ್ಲ.”

“ಮುದುಕಿ ತುಂಬಿದ ಬುಟ್ಟಿ ಹೊತ್ತು ತಿರಗೂಮುಂದ ನಾ ನಗತಿದ್ನಿ. ಆ ಕಟ್ಟಿಮ್ಯಾಲೆ ನಾನೂ ನಕ್ಕೀನಿ. ನೀ ಅದನ್ನ ನೋಡಿಕೋತ ನಿಂತಿದ್ದಿ!”

“ನಿನ್ನ ಕೈ ನೋಡು ಭಾಯ್.”

“ಕೈಗೇನಾಗೇತಿ?”

“ಚಾ ಚೆಲ್ಲತೈತಿ.”

“ಚಾ ಬಿಸಿ ಇರತೈತಿ,” ಎಂದ ಅವನು. ಆದರೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮುಬೀನಾ ಡಸ್ಟರಿನ ಕತೆ ಹೇಳಿದಳು. ಸಿಂಪಿಯ ಮೈಯಲ್ಲಿರುವುದೇ ಮನುಷ್ಯರ ರಕ್ತದಲ್ಲೂ ಇರುತ್ತದೆ ಎಂದು ಮೇಘಾ ಹೇಳಿದ್ದನ್ನೂ. ಇನಾಯತ ನಗಲಿಲ್ಲ. ಮಾರನೆಯ ದಿನ ಅಬ್ಬಾ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಬೈದು, ಗುಳಿಗೆ ಬರೆದು, ಮುಖಕ್ಕೆ ಕೈಗೆ ಕಟ್ಟಿಕೊಳ್ಳದೆ ಪಂಪು ಮುಟ್ಟಬೇಡ ಎಂದರಂತೆ.

ಮೇಘಾ ಹೊಸ ಚೀಲಗಳನ್ನು ಇಟ್ಟಳು. ಈ ಸಲ ದಾರವಲ್ಲ, ತಂತಿ. ತಂತಿಗೆ ತಾನೇ ಒತ್ತಿದ ಮೊಹರು. ಆ ಹೊತ್ತಿಗೆ ಊರಲ್ಲಿ ಎಣ್ಣೆಯ ಕೆಲಸ ಇದ್ದದ್ದು ಉಳ್ಳಾಗಡ್ಡಿಗೆ ಮಾತ್ರ, ಹೊಡೆಯುವವನು ಇನಾಯತ ಒಬ್ಬನೇ. ಮೊದಲ ದಿನ ಮುಖಕ್ಕೆ ಬಟ್ಟೆ ಬಿಗಿದುಕೊಂಡು ಹೊರಟವನು ಬಾಗಿಲಲ್ಲಿ ನಿಂತ.

“ಮುಬೀನಾ. ಪಂಪ ಎಲ್ಲೆ ತೊಳೀಲಿ?”

ಅವಳಿಗೆ ಅವನ ಪ್ರಶ್ನೆ ಅರ್ಥವಾಯಿತು. ಅವನು ಕೆಳಗಿನ ದಂಡೆಯಲ್ಲಿ ತೊಳೆದರೆ ಸಿಂಪಿ ಮತ್ತೆ ಕೆಡುತ್ತವೆ. ಮೇಲಿನವು ಚಲೋ, ಕೆಳಗಿನವು ಕೆಟ್ಟವು ಎಂದು ಮೇಘಾ ಕಟ್ಟೆಯ ಮೇಲೆ ನಿಂತು ಹೇಳುತ್ತಾಳೆ. ಮುಬೀನಾ ಹೇಳಿದ್ದು ಖರೆಯಾಗುತ್ತದೆ, ರೇಣವ್ವನ ಮಾತು ತಿರುಗಿ ಬರುತ್ತದೆ. ತೊಳೆಯದಿದ್ದರೆ ಎರಡೂ ಕಡೆ ನೀರು ಚಲೋ, ಎರಡೂ ಚೀಲ ಸರಿಸಮ. ಆಗ ಆ ದಿನ ಏನಾಗಿತ್ತು ಎಂದು ಯಾರಿಗೂ ಯಾವತ್ತಿಗೂ ತೋರಿಸಲಾಗುವುದಿಲ್ಲ.

ಇದೊಂದು ಸಲ ತೊಳಿ, ಎಂಬ ಮಾತು ನಾಲಿಗೆಯ ಮೇಲೆ ಬಂದಿತ್ತು. ಇದೊಂದೇ ಸಲ. ಅದು ಎಷ್ಟು ಸುಲಭವಾಗಿ ಬಂದಿತ್ತೆಂದರೆ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ಜಾಲಿಗಿಡದ ಕೆಳಗೂ ಹೀಗೇ ಬಂದಿತ್ತು.

“ಹೊಳ್ಯಾಗ ಬ್ಯಾಡ,” ಎಂದಳು. “ತೊಳದ ನೀರನ್ನೂ ಅದೇ ಹೊಲಕ್ಕ ಹೊಡಿ. ಅಕ್ಕಾರು ಹಂಗ ಹೇಳ್ಯಾರ.”

“ಹಂಗಾರ ನೀ ಸುಳ್ಳಿ ಆಗಿ ಉಳೀತಿ.”

“ಸುಳ್ಳಿ ಅಲ್ಲ. ಬಂಗಾರದಂಥಾ ಹುಡುಗಿ,” ಎಂದಳು ಅವಳು, ನಗೆಯಿಲ್ಲದೆ.

ಹಾಗೇ ಆಯಿತು. ಹೋಳಿಹುಣ್ಣಿವೆ ಕಳೆದ ಮೇಲೆ ಮೇಘಾ ಬಂದು ಎರಡೂ ಕಡೆ ಸಿಂಪಿ ಚಲೋ ಇವೆ ಎಂದಾಗ, ಮಾಳಪ್ಪ ತೊಡೆ ತಟ್ಟಿ, “ಮತ್ತೇನು? ರೇಣವ್ವ ಈ ಸಲ ಎಣ್ಣಿ ಹೊಡದಿಲ್ಲ ಅಂತಾತು,” ಎಂದ. ಎಲ್ಲರಿಗೂ ಅದು ಸರಿ ಎನಿಸಿತು.

ಮುಂದಿನ ಸಂತೆಯ ದಿನ ರೇಣವ್ವ ಬಸ್ಸಿಗೆ ಬುಟ್ಟಿ ಏರಿಸುತ್ತಿದ್ದಾಗ ಇನ್ನೊಂದು ಕಡೆಯಿಂದ ಮುಬೀನಾ ಬುಟ್ಟಿಗೆ ಕೈ ಹಾಕಿದಳು. ರೇಣವ್ವ ನೋಡಿದಳು, ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಇಬ್ಬರೂ ರೋಣದಲ್ಲಿ ಇಳಿದರು.

ಸಂತೆಯಲ್ಲಿ ಚೀಲ ಹಾಸಿ, ಮೆಂತೆಯ ಸಿವುಡು ಸಾಲಾಗಿ ಇಟ್ಟರು. ಹೊಸದಾಗಿ ಬಿತ್ತಿ ಬೆಳೆದ ಮೆಂತೆ. ಜನ ಬರುತ್ತಿದ್ದರು, ನೋಡುತ್ತಿದ್ದರು, ರೇಣವ್ವನ ಮುಖ ಗುರುತು ಹಿಡಿದು ಸರಿಯುತ್ತಿದ್ದರು. ರೇಣವ್ವ ಕೂಗುತ್ತಿರಲಿಲ್ಲ. ಮೊದಲು ಇಡೀ ಸಾಲಿಗೆ ಕೇಳುವಂತೆ ಒದರುತ್ತಿದ್ದವಳು ಈಗ ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತಿದ್ದಳು.

ಮುಬೀನಾ ಬಾಯಿ ತೆರೆದಳು. ದನಿ ಬರಲಿಲ್ಲ. ಪಕ್ಕದಲ್ಲಿ ಬಳ್ಳೊಳ್ಳಿ ಮಾರುವವನು ಇವಳನ್ನೇ ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿಕೊಂಡಳು.

“ಎಣ್ಣಿ ಮುಟ್ಟದ ಮೆಂತೇ...” ಅದು ಯಾರದೋ ಮಗುವಿನ ದನಿಯ ಹಾಗಿತ್ತು. ಮತ್ತೆ ಹೇಳಿದಳು, ಇನ್ನಷ್ಟು ಜೋರಾಗಿ. ಮೂರನೆಯ ಸಲ ಹೇಳಿದಾಗ ಒಬ್ಬ ಹೆಂಗಸು ನಿಂತಳು.

“ಇದು ಆ ಸಿಂಪಿ ಊರಿಂದಲ್ಲೇನು? ಎಣ್ಣಿ ಐತಂತಲ್ಲ ಇದರಾಗ.”

“ಇಲ್ರಿ. ಆ ಸುಳ್ಳು ನಾ ಹುಟ್ಟಿಸಿದ್ದರಿ.”

“ನೀನ? ಯಾಕ?”

ಯಾಕೆ ಎಂದು ಅವಳು ಹೇಳಿದಳು. ಚೀಲ, ದಾರ, ಅಣ್ಣ. ಹೆಂಗಸು ಅರ್ಧ ಕೇಳುತ್ತ ಅರ್ಧ ಬಳ್ಳೊಳ್ಳಿಯ ಕಡೆ ನೋಡುತ್ತ ನಿಂತಿದ್ದಳು. “ಆಗ ಸುಳ್ಳ ಹೇಳಿದಾಕಿ ಈಗ ಖರೇ ಹೇಳ್ತಿ ಅಂತ ಹ್ಯಾಂಗ ತಿಳೀಬೇಕವ್ವಾ?”

ಮೇಘಾ ಕೇಳಿದ್ದೂ ಇದನ್ನೇ. “ತಿಳ್ಯಂಗಿಲ್ಲರಿ,” ಎಂದಳು ಮುಬೀನಾ. “ನಾ ಮುಂದಿನ ಸಂತೀಗೂ ಬರ್ತೀನಿ. ಅದರ ಮುಂದಿಂದಕ್ಕೂ. ಕೇಳಿದೋರಿಗೆಲ್ಲ ಇದನ್ನ ಹೇಳ್ತೀನ್ರಿ.”

ಹೆಂಗಸು ಒಂದು ಸಿವುಡು ಎತ್ತಿ ಮೂಸಿದಳು. ತಿರುವಿ ನೋಡಿದಳು. ಮತ್ತೆ ಕೆಳಗಿಟ್ಟು ಹೋದಳು.

ರೇಣವ್ವ ಆ ಸಿವುಡಿನ ಸಡಿಲಾದ ನಾರನ್ನು ಬಿಗಿಮಾಡಿ ಸಾಲಿನಲ್ಲಿ ಇಟ್ಟಳು. ಮುಬೀನಾಳ ಮುಖ ನೋಡದೆಯೇ, “ಸಣ್ಣ ದನಿ ಆತು,” ಎಂದಳು. “ಹೊಟ್ಟಿಂದ ಒದರಬೇಕು. ಇನ್ನೊಮ್ಮೆ ಒದರು.”